ಮೇಜಿನ ಬಿಲ್ಲೆ

“ಯಾವ ಡೆಲಿವರಿ?” ಗೇಟಿನ ಸೆಕ್ಯೂರಿಟಿಯವನು ಮೊಬೈಲಿನಿಂದ ತಲೆ ಎತ್ತದೆ ಕೇಳಿದ.

“ಡೆಲಿವರಿ ಅಲ್ಲಪ್ಪ. ಚರ್ಚಿಂದ ಬಂದಿದೀನಿ. ಮೂರನೇ ಫ್ಲೋರು, ಅನುಸೂಯಮ್ಮನವರ ಮನೆಗೆ.”

“ಮೇಡಂ ಅಪ್ರೂವ್ ಮಾಡಿದ್ರೆ ಬಿಡ್ತೀನಿ. ಅಲ್ಲೀವರ್ಗೂ ಆ ಕಡೆ ನಿಂತ್ಕೊಳಿ.”

ಆ ಕಡೆ ಎಂದರೆ ಸುಡು ಬಿಸಿಲು. ಎಪ್ಪತ್ತೆರಡು ದಾಟಿದ ಸಂಜೀವಪ್ಪ ಮೊಪೆಡ್ಡಿಗೆ ಸ್ಟ್ಯಾಂಡು ಹಾಕಿ, ನೋಯುವ ಮಂಡಿಯನ್ನು ನೀವಿಕೊಳ್ಳುತ್ತಾ ನಿಂತರು. ಬೂದಿಗೆರೆಯ ಈ ಜಾಗದಲ್ಲಿ ದ್ರಾಕ್ಷಿ ಚಪ್ಪರ ಇದ್ದಾಗ, ಕೆಇಬಿ ಲೈನ್‌ಮನ್ನಾಗಿ ಇಲ್ಲಿಗೆ ಮೊದಲ ಕಂಬ ನೆಡಿಸಿದವರು ಅವರೇ. ಆಗ ಗೇಟೂ ಇರಲಿಲ್ಲ, ಯಾರ ಅಪ್ರೂವೂ ಬೇಕಿರಲಿಲ್ಲ.

ಅವರ ಜೇಬಿನಲ್ಲಿ ಎಂಟಾಣೆ ಗಾತ್ರದ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಬೂದಿಗೆರೆಯ ಪ್ರೆಸ್ಬಿಟೇರಿಯನ್ ಸಭೆಯಲ್ಲಿ, ಯೇಸುವಿನ ನೆನಪಿಗೆ ಒಂದೇ ಮೇಜಿಗೆ ಕೂತು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ನಡೆಯುವುದು ವರ್ಷಕ್ಕೆ ಎರಡೇ ಸಲ. ಬೆಳಿಗ್ಗೆ ಒಂದು ಮೇಜು, ಏರ್‌ಪೋರ್ಟಿನಲ್ಲಿ ಶಿಫ್ಟ್ ಮಾಡುವವರಿಗೆಂದು ಸಂಜೆ ಇನ್ನೊಂದು. ಅದಕ್ಕೂ ಮೊದಲು ಸಂಜೀವಪ್ಪನವರಂಥ ಸಭೆಯ ಹಿರಿಯರು ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತಾರೆ: “ಯಾರ ಮೇಲಾದ್ರೂ ಮನಸ್ತಾಪ ಇದೆಯಾ?” ಇಲ್ಲ ಎಂದವರ ಕೈಗೆ ಬಿಲ್ಲೆ. ಭಾನುವಾರ ಬಿಲ್ಲೆಯನ್ನು ತಟ್ಟೆಗೆ ಹಾಕಿದವರಿಗೆ ಮೇಜಿನ ಮುಂದೆ ಜಾಗ. ಯಾವ ಕಾಲದ ಪದ್ಧತಿಯೋ ಏನೋ, ಸುತ್ತಮುತ್ತ ಬೇರೆ ಯಾರೂ ಇಟ್ಟುಕೊಂಡಿರಲಿಲ್ಲ. ಈಗ ಇವರೂ ಬಿಡುವವರಿದ್ದರು. ಇನ್ನು ಮುಂದೆ ವಾಟ್ಸ್ಯಾಪಿನಲ್ಲಿ ಒಂದು ಮೆಸೇಜು ಹಾಕಿದರೆ ಸಾಕು ಎಂದು ಹಿರಿಯರಲ್ಲೇ ಕಿರಿಯನಾದ ನವೀನ್‌ಕುಮಾರ್ ಹೇಳಿದ್ದ, ಉಳಿದವರು ಹೂಂ ಎಂದಿದ್ದರು. ಇದು ಬಿಲ್ಲೆಯ ಕಡೇ ಸುತ್ತು. ಅನುಸೂಯಮ್ಮನವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಕೇಳುವುದಕ್ಕೂ ಸಂಜೀವಪ್ಪನವರಿಗೆ ಇದೇ ಕಡೇ ಅವಕಾಶ.

ಹನ್ನೊಂದು ವರ್ಷದ ಹಿಂದೆ ಅನುಸೂಯಮ್ಮನವರ ಗಂಡ ಆಸ್ಪತ್ರೆ ಸೇರಿದ್ದರು. ಬಿಲ್ಲೆ ಕೊಡಲು ಹೋದ ಸಂಜೀವಪ್ಪ, ಬೀಗ ನೋಡಿ ವಾಪಸು ಬಂದಿದ್ದರು. ಇನ್ನೊಂದು ಸಲ ಹೋಗಬೇಕಿತ್ತು, ಹೋಗಲಿಲ್ಲ. ಭಾನುವಾರ ಆಕೆ ಆಸ್ಪತ್ರೆಯಿಂದ ನೇರವಾಗಿ, ತಲೆಯನ್ನೂ ಬಾಚದೆ ಮೇಜಿನ ಹತ್ತಿರ ಬಂದಾಗ, “ಬಿಲ್ಲೆ ಇಲ್ದೆ ಆಗಲ್ಲಮ್ಮ” ಎಂದು ಎಲ್ಲರೆದುರು ಕೈ ಅಡ್ಡ ಹಿಡಿದುಬಿಟ್ಟರು. ಆಕೆ ಬಂದ ಹಾಗೇ ತಿರುಗಿ ಹೋದರು. ಅದೇ ವಾರ ಗಂಡ ತೀರಿಕೊಂಡರು.

ತಪ್ಪಾಯಿತೆಂದು ಸಂಜೀವಪ್ಪ ಆಕೆಯ ಮನೆಗೆ ಹೋಗಿ ಕೈಮುಗಿದರು, ತುಂಬಿದ ಸಭೆಯಲ್ಲಿ ಎದ್ದು ನಿಂತೂ ಹೇಳಿದರು. ಆದದ್ದು ಆಗಿತ್ತು. ಅಲ್ಲಿಂದ ಈಚೆಗೆ ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ.

“ಮನಸ್ತಾಪ ಇದೆಯಾ ತಾಯಿ?”

“ಇದೆ ಅಣ್ಣಾ. ನಿಮ್ಮ ಮೇಲೇ ಇದೆ.”

“ಭಾನುವಾರದೊಳಗೆ ಮನಸ್ತಾಪ ಹೋದ್ರೆ ಬನ್ನಿ” ಎಂದು ಬಿಲ್ಲೆ ಇಟ್ಟು ಬರುವುದು. ಸೋಮವಾರ ಹೋಗಿ, ಫ್ರಿಜ್ಜಿನ ಮೇಲೆ ಇಟ್ಟಲ್ಲೇ ಇರುವ ಬಿಲ್ಲೆಯನ್ನು ವಾಪಸು ತರುವುದು. ಒಂದು ಸುಳ್ಳು ಹೇಳಿ ಮೇಜಿಗೆ ಬರುವುದು ಎಷ್ಟು ಸುಲಭವಿತ್ತು! ಆಕೆ ಹೇಳಲಿಲ್ಲ. ಇವರೂ ಹೋಗುವುದು ಬಿಡಲಿಲ್ಲ. ಇಬ್ಬರದ್ದೂ ಗಟ್ಟಿ ಜೀವವೇ ಅನ್ನಿ.

ಮುಕ್ಕಾಲು ಗಂಟೆಯ ಮೇಲೆ ಅನುಸೂಯಮ್ಮನವರೇ ಏದುಸಿರು ಬಿಡುತ್ತಾ ಇಳಿದು ಬಂದರು. “ಫೋನು ಚಾರ್ಜಿಗಾಕಿದ್ದೆ, ನೋಡ್ಲೇ ಇಲ್ಲ. ಬಟ್ಟೆ ಹಾಕೋಕೆ ಬಾಲ್ಕನಿಗೆ ಬಂದ್ರೆ ನೀವು ನಿಂತಿದೀರ. ಹಿಂಗಾ ಬಿಸಿಲಲ್ಲಿ ನಿಂತ್ಕೊಳೋದು?”

ಸೆಕ್ಯೂರಿಟಿಯವನ ಕುರ್ಚಿ ಎಳೆದು ಕೂರಿಸಿದರು. ಅವನದೇ ಬಾಟಲಿಯಿಂದ ನೀರು ಕೊಡಿಸಿದರು. ನೀರು ಕುಡಿದು ಬಾಯಿ ಒರೆಸಿಕೊಂಡ ಸಂಜೀವಪ್ಪ, ಎದೆ ಗಟ್ಟಿ ಮಾಡಿಕೊಂಡು ಅದೇ ಪ್ರಶ್ನೆ ಕೇಳಿದರು. ಆಕೆ ಅವರ ಮಂಡಿಯನ್ನೇ ನೋಡುತ್ತಿದ್ದರು.

“ಇದೆ ಅಣ್ಣಾ. ಇಲ್ಲ ಅಂದ್ರೆ ಸುಳ್ಳಾಗುತ್ತೆ.”

“ಸರಿ ತಾಯಿ. ಭಾನುವಾರದೊಳಗೆ ಹೋದ್ರೆ ಬನ್ನಿ” ಎಂದು ಬಿಲ್ಲೆಯನ್ನು ಆಕೆಯ ಕೈಗಿಟ್ಟರು.

“ಸೋಮವಾರ ಮಾತ್ರ ನೀವು ಬರಬೇಡಿ. ಕಾಲು ನೋಡಿ ಹೆಂಗೆ ಊದಿದೆ. ಭಾನುವಾರ ನಾನೇ ಬಾಗಿಲ ಹತ್ರ ಬಂದು ಕೊಟ್ಟು ಹೋಗ್ತೀನಿ.”

ಸಂಜೀವಪ್ಪನವರಿಗೆ ಅಳುವೇ ಬಂದಂತಾಯಿತು. ಕಡೇ ಸುತ್ತೂ ಮುಗಿದುಹೋಗಿತ್ತು.

ಭಾನುವಾರ ಬೆಳಿಗ್ಗೆ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಎರಡೂ ಬದಿ ಜನ ಕೂತಿದ್ದರು. ನವೀನ್‌ಕುಮಾರ್ ತಟ್ಟೆ ಹಿಡಿದು ಬಿಲ್ಲೆ ಕೂಡಿಸುತ್ತಾ ಬಂದ. ಟಣ್, ಟಣ್ ಎಂದು ಬೀಳುವ ಆ ಸದ್ದು ಸಂಜೀವಪ್ಪನವರಿಗೆ ಇಷ್ಟ. ಪಕ್ಕದಲ್ಲಿ ಹೆಂಡತಿ ಶಶಿರೇಖಾ, ಇವರೇ ಕೇಳಿ ಕೊಟ್ಟಿದ್ದ ತನ್ನ ಬಿಲ್ಲೆ ಹಾಕಿದರು. ತಟ್ಟೆ ಇವರ ಮುಂದೆ ಬಂತು. ಜೇಬಿಗೆ ಕೈ ಹಾಕಿದರೆ ಕರವಸ್ತ್ರ ಒಂದೇ ಸಿಕ್ಕಿತು.

ಅವರ ಮನೆಗೆ ಬಂದು ಪ್ರಶ್ನೆ ಕೇಳಿ ಬಿಲ್ಲೆ ಕೊಡುತ್ತಿದ್ದವರು ಜೊತೆಯ ಹಿರಿಯರಾದ ಅಪ್ಪಯ್ಯಣ್ಣ. ಅಪ್ಪಯ್ಯಣ್ಣ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಈ ಸಲ ಸಂಜೀವಪ್ಪನವರನ್ನು ಯಾರು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ, ಅವರಿಗೂ ಕೂಡ.

“ಪರ್ವಾಗಿಲ್ಲ ಅಂಕಲ್, ನೀವು ಕೂತ್ಕೊಳಿ” ಎಂದು ನವೀನ್‌ಕುಮಾರ್ ಪಿಸುಗುಟ್ಟಿದ.

ಸಂಜೀವಪ್ಪ ತಲೆ ಎತ್ತಿದರು. ಬಾಗಿಲ ಬಳಿ, ಬಿಲ್ಲೆ ವಾಪಸು ಕೊಡಲು ಬಂದ ಅನುಸೂಯಮ್ಮ ನಿಂತಿದ್ದರು.

“ಬಿಲ್ಲೆ ಇಲ್ದೆ ಆಗಲ್ಲಪ್ಪ” ಎಂದರು ಸಂಜೀವಪ್ಪ. ಹನ್ನೊಂದು ವರ್ಷದ ಹಿಂದಿನ ಅದೇ ಮಾತು, ಈ ಸಲ ತಮಗೇ. ಮೇಜಿಗೆ ಕೈ ಊರಿ ಎದ್ದರು. ಇಡೀ ಸಭೆ ನೋಡುತ್ತಿದ್ದಂತೆ ಕುಂಟುತ್ತಾ ಹಿಂದಿನ ಬೆಂಚಿಗೆ ಹೋಗಿ ಕೂತು, ಕೀರ್ತನೆ ಎತ್ತಿದಾಗ ಎಲ್ಲರ ಜೊತೆ ಹಾಡಿದರು. ಎಲ್ಲರೆದುರು ಎದ್ದು ಹೋಗುವಾಗ ಮೈಗೆ ಏನಾಗುತ್ತದೆಂದು ಅವರಿಗೆ ಅವತ್ತು ಗೊತ್ತಾಯಿತು. ಆಮೇಲೆ ತಿರುಗಿ ನೋಡಿದರೆ ಬಾಗಿಲಲ್ಲಿ ಅನುಸೂಯಮ್ಮ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಶಶಿರೇಖಾ ಸುಮ್ಮನಿರಲಿಲ್ಲ. “ಊರೋರ ಮನೆಗೆಲ್ಲ ಹೋಗಿ ಬಂದ್ರಿ, ನಮ್ಮನೆಗೆ ಯಾರೂ ಬಂದಿಲ್ಲ ಅನ್ನೋದು ಮರ್ತೇ ಹೋಯ್ತಾ ನಿಮ್ಗೆ?”

“ನೀನು ನೆನಪು ಮಾಡ್ಬೋದಿತ್ತಲ್ಲ.”

“ಓಹೋ, ಈಗ ನಂದೇ ತಪ್ಪು” ಎಂದು ಆಕೆ ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಹುಯ್ದರು. ಅವರ ಕಣ್ಣಲ್ಲೂ ನೀರಿತ್ತು.

ನಾಲ್ಕು ಗಂಟೆಗೆ ಯಾರೋ ಗೇಟಿನ ಚಿಲಕ ಅಲ್ಲಾಡಿಸಿದರು. ಸಂಜೀವಪ್ಪ ಹೊರಗೆ ಬಂದರೆ ಅನುಸೂಯಮ್ಮ. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಒಳಗೆ ಕರೆದರೂ ಬರದೆ, ಗೇಟಿನ ಆಚೆಯೇ ನಿಂತು ಸೆರಗು ಸರಿಮಾಡಿಕೊಂಡರು.

“ಯಾರ ಮೇಲಾದ್ರೂ ಮನಸ್ತಾಪ ಇದೆಯಾ ಅಣ್ಣಾ?”

ಸಂಜೀವಪ್ಪ ತಬ್ಬಿಬ್ಬಾದರು. “ಇದು ಹಿರಿಯರು ಕೇಳೋದಲ್ವಾ ತಾಯಿ?”

“ನಿಮ್ಗೊಂದು ಬಿಲ್ಲೆ ಕೊಡು ಅಂತ ನವೀನನ್ನ ಕೇಳ್ದೆ, ಅವನು ನಾನೇ ಹೋಗ್ತೀನಿ ಅಂದ. ಬೇಡ, ಹನ್ನೊಂದು ವರ್ಷದಿಂದ ಕೇಳಿ ಕೇಳಿ ನಂಗೆ ಬಾಯಿಪಾಠ ಆಗಿದೆ ಅಂದೆ. ಹೇಳಿ, ಇದೆಯಾ?”

“ಇಲ್ಲ. ಯಾರ ಮೇಲೂ ಇಲ್ಲ ತಾಯಿ.”

ಆಕೆ ಗೇಟಿನ ಸರಳಿನ ನಡುವೆ ಕೈ ತೂರಿಸಿ ಅವರ ಅಂಗೈಯಲ್ಲಿ ಒಂದು ಬಿಲ್ಲೆ ಇಟ್ಟರು. “ಆರೂವರೆಗೆ ಸಂಜೆ ಮೇಜು. ಮೊಪೆಡ್ ತೆಗೀರಿ, ಶಶಿರೇಖಾನೂ ಬರ್ಲಿ. ನಾನು ಹಿಂಗೇ ನಡ್ಕೊಂಡು ಹೋಗ್ತಿರ್ತೀನಿ.”

ಆಕೆಯನ್ನೂ ಕೇಳಬೇಕೆಂದು ಸಂಜೀವಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಅನುಸೂಯಮ್ಮ ಚರ್ಚಿನ ದಾರಿ ಹಿಡಿದಾಗಿತ್ತು. ನಾಲ್ಕು ಹೆಜ್ಜೆ ಹೋಗಿ ನಿಂತು, ಎಡಗೈಯ ಮುಷ್ಟಿ ಬಿಚ್ಚಿ, ವಾಪಸು ಕೊಡದೇ ಉಳಿಸಿಕೊಂಡಿದ್ದ, ಬೆವರಿಗೆ ಒದ್ದೆಯಾದ ತನ್ನ ಬಿಲ್ಲೆಯನ್ನು ಸೆರಗಿನ ತುದಿಯಲ್ಲಿ ಒರೆಸಿಕೊಂಡು, ಮತ್ತೆ ಮುಷ್ಟಿ ಮುಚ್ಚಿ ನಡೆದರು.