ಹಾನರ್ ಅಜ್ಜಿ ಹುಟ್ಟಿದ ವರ್ಷ

ಹಿಡಿಕೆ ಕಿರ್ ಅನ್ನುತ್ತದೆ, ಚರ್ಚಿನ ಹಳೆಯ ದಾಖಲೆಯ ಮೈಕ್ರೋಫಿಲ್ಮ್ ಸುರುಳಿ ತಿರುಗುತ್ತದೆ, ಪರದೆಯ ಮೇಲೆ ಪಾದ್ರಿಯ ವಕ್ರ ಅಕ್ಷರ ಹರಿಯುತ್ತದೆ, ಸಾವಿರದೆಂಟುನೂರ ಮೂವತ್ತೈದು, ಮೂವತ್ತಾರು, ಮೇರಿ, ಬ್ರಿಜೆಟ್, ಮತ್ತೆ ಮೇರಿ — ಇಷ್ಟೊಂದು ಮೇರಿಯರಿಗೆ ಜ್ಞಾನಸ್ನಾನ ಮಾಡಿಸಿದ ಪುಣ್ಯಾತ್ಮನಿಗೆ ಒಬ್ಬಳೇ ಒಬ್ಬಳು ಹಾನರ್ ಸಿಗಲಿಲ್ಲವೇ ಎಂದು ಅಟ್ರ್ಯಾಕ್ಟಾ ಕಣ್ಣುಜ್ಜಿಕೊಂಡಳು, ಚೀಲದೊಳಗಿಂದ ಮೊಟ್ಟೆಯ ಸ್ಯಾಂಡ್‌ವಿಚ್ ವಾಸನೆ, ಗ್ರಂಥಾಲಯದಲ್ಲಿ ತಿನ್ನುವಂತಿಲ್ಲ ಅಂದರೂ ಅಮ್ಮ ಕೇಳದೆ ತುರುಕಿದ್ದಳು, ಅಮ್ಮ ಡೀಲಿಯಾಗೆ ತೊಂಬತ್ತು, ಹೊರಗೆ ಕಾರಿನಲ್ಲಿ ಕೂತಿದ್ದಾಳೆ, ಒಳಗೆ ಬಾ ಅಂದರೆ ಸತ್ತೋರನ್ನ ಹುಡ್ಕೊಂಡು ನಾನ್ಯಾಕೆ ಬರ್ಲಿ, ಅವರೇ ನನ್ನ ಹುಡ್ಕೊಂಡು ಬರೋ ಕಾಲ ಇದು, ನೀನು ಹೋಗು. ಹೋಗು ಅನ್ನುವುದು ಸುಲಭ, ಆರು ವರ್ಷದಿಂದ ಹೋಗುತ್ತಲೇ ಇದ್ದಾಳೆ. ಈ ಭಾನುವಾರ ಊರಿನ ಗೋರಿಗಳಿಗೆಲ್ಲ ಪಾದ್ರಿಯ ವರ್ಷದ ಆಶೀರ್ವಾದ, ಜನ ಹುಲ್ಲು ಕಿತ್ತು ಹೂವಿಟ್ಟು ತಮ್ಮತಮ್ಮವರ ಪಕ್ಕ ನಿಲ್ಲುತ್ತಾರೆ, ಅಮ್ಮನ ಅಜ್ಜಿ ಹಾನರ್‌ಗೆ ಮಾತ್ರ ಕಲ್ಲಿನ ಮೇಲೆ ಹೆಸರಿಲ್ಲ, ಹುಟ್ಟಿದ ವರ್ಷ ಗೊತ್ತಾಗದೆ ಕೆತ್ತಿಸಕೂಡದು ಎಂದು ಅವಳ ಮಗ ಮಾರ್ಟಿನ್ ತಾತ ಹಟ ಹಿಡಿದು ಹಾಗೆಯೇ ತೀರಿಹೋದ, ನಾನು ಮಾಡಿಸ್ತೀನಪ್ಪ ಎಂದು ಅಮ್ಮ ಅವನ ಹಾಸಿಗೆಯ ಪಕ್ಕ ಮಾತು ಕೊಟ್ಟಳು, ಈ ಸಲ ತಪ್ಪಿದ್ರೆ ಮುಂದಿನ ವರ್ಷ ನಾನೇ ಅದರ ಕೆಳಗಿರ್ತೀನಿ ಅನ್ನುತ್ತಾಳೆ. ಕಲ್ಲುಕುಟಿಗ ಫಿಂಟನ್ ಬೆಳಿಗ್ಗೆಯೇ ಫೋನ್ ಮಾಡಿದ್ದ, ಮಧ್ಯಾಹ್ನದೊಳಗೆ ವರ್ಷ ಹೇಳಿಬಿಡಿ ಅಕ್ಕ, ನಂಗೆ ಬೇರೆ ಗಿರಾಕಿಗಳಿದಾರೆ, ಅವರ್ಯಾರೂ ತಕರಾರು ಮಾಡಲ್ಲ.

ಮೂವತ್ತೇಳು, ಮೂವತ್ತೆಂಟು, ಇಲ್ಲ, ಮೂವತ್ತೊಂಬತ್ತಕ್ಕಿಂತ ಮುಂಚೆ ಹುಟ್ಟಿರಲೇಬೇಕು, ಆ ವರ್ಷದ ಜನವರಿ ಆರರ ಮಹಾ ಬಿರುಗಾಳಿ ಅಜ್ಜಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತಲ್ಲ — ಪ್ರತಿವರ್ಷ ಅದೇ ದಿನ ಹೆಂಗಸರ ಕ್ರಿಸ್ಮಸ್, ಗಂಡಸರು ಪಾತ್ರೆ ತೊಳೆಯಬೇಕು, ಹೆಂಗಸರು ಚಹಾ ಕೇಕು ಇಟ್ಟುಕೊಂಡು ಹಾನರ್ ಅಜ್ಜಿಯ ಕೋಳಿ ಕಥೆ ಹೇಳಬೇಕು, ಹುಲ್ಲಿನ ಮಾಡು ಹಾರಿತು, ಕೋಳಿ ಮೂರು ಹೊಲ ದಾಟಿ ಪಾದ್ರಿಯ ಅಂಗಳದಲ್ಲಿ ಇಳಿಯಿತು, ಬೆಳಗಾದರೆ ಅಲ್ಲೇ ಮೊಟ್ಟೆ ಇಟ್ಟಿತ್ತು, ಆ ಮೊಟ್ಟೆ ಯಾರದು ಎಂದು ಪಾದ್ರಿಗೂ ಅಜ್ಜಿಯ ಅಪ್ಪನಿಗೂ ವಾರಗಟ್ಟಲೆ ಜಗಳ. ಸುರುಳಿ ಮುಗಿಯಿತು, ಹಾನರ್ ಇಲ್ಲ, ಕೈಗೆ ಕೆಲಸ ಬೇಕಲ್ಲ ಎಂದು ಜನಗಣತಿಯ ಎರಡು ನಕಲು ಬಿಚ್ಚಿದಳು, ಸಾವಿರದೊಂಬೈನೂರ ಹನ್ನೊಂದರಲ್ಲಿ ಹಾನರ್ ಕಿಲ್ಕಾಯ್ನ್, ವಿಧವೆ, ಎಪ್ಪತ್ತೈದು, ಸರಿ ಇವಳೇ ನಮ್ಮವಳು, ಸಾವಿರದೊಂಬೈನೂರ ಒಂದರಲ್ಲಿ ಐವತ್ತೊಂದು, ಇವಳು ಬೇರೆ ಯಾರೋ, ಆ ಊರಿನಲ್ಲಿ ಹಾನರ್ ಕಿಲ್ಕಾಯ್ನ್‌ಗಳು ಮೂವರು, ಮಗನ ಹೆಸರು ಮಾರ್ಟಿನ್ ಎಂದಿದ್ದರೇನು, ಮಾರ್ಟಿನ್‌ಗಳಿಗೇನು ಬರ ಎಂದು ಹಿಂದೆಯೇ ಪಕ್ಕಕ್ಕಿಟ್ಟ ಹಾಳೆ ಅದು — ಆದರೆ ಪಕ್ಕದ ಮನೆಯ ಬಾರ್ಟ್ಲಿ? ಐವತ್ತಮೂರು ಇದ್ದವನು ಎಪ್ಪತ್ತಾರು, ಅವನ ಹೆಂಡತಿ ನಲವತ್ತೊಂಬತ್ತು ಇದ್ದವಳು ಎಪ್ಪತ್ತೆರಡು, ಹತ್ತೇ ವರ್ಷದಲ್ಲಿ ಬೀದಿಗೆ ಬೀದಿಯೇ ಮುದಿಯಾಗಿದೆ, ಅಯ್ಯೋ ನನ್ನ ದಡ್ಡತನವೇ, ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಊರಿನ ಮುದುಕರಿಗೆಲ್ಲ ಪಿಂಚಣಿ ಕೊಟ್ಟವಳು ನಾನು. ಸಾವಿರದೊಂಬೈನೂರ ಒಂಬತ್ತರಲ್ಲಿ ಅಲ್ಲವೇ ಪಿಂಚಣಿ ಶುರುವಾದದ್ದು, ಎಪ್ಪತ್ತಾಗಿರಬೇಕು, ಹುಟ್ಟಿದ ಚೀಟಿ ಯಾರ ಹತ್ತಿರವೂ ಇಲ್ಲ, ಅಧಿಕಾರಿ ಬಂದು ಕೇಳುತ್ತಿದ್ದ, ಬಿರುಗಾಳಿ ನೆನಪಿದೆಯೇನಮ್ಮ, ನೆನಪಿದ್ದರೆ ಎಪ್ಪತ್ತಾಯಿತೆಂದೇ ಲೆಕ್ಕ, ಅರವತ್ತರ ಅಜ್ಜಿ ಏಪ್ರನ್ನಿಗೆ ಕೈ ಒರೆಸಿಕೊಂಡು, ನೆನಪಿಲ್ದೆ ಏನು ಸ್ವಾಮಿ, ನಮ್ಮ ಕೋಳಿ — ಅಟ್ರ್ಯಾಕ್ಟಾ ಎಷ್ಟು ಜೋರಾಗಿ ನಕ್ಕಳೆಂದರೆ ಪಕ್ಕದ ಮೇಜಿನವನು ತಿರುಗಿ ನೋಡಿದ.

ಮುಂದಿನ ಸುರುಳಿ ಹಾಕಿಸಿಕೊಂಡಳು, ನಲವತ್ತೈದು, ಪುಟಗಳು ಕಿಕ್ಕಿರಿದಿವೆ, ಸಾಲುಗಳ ನಡುವೆ ಬೆರಳಿಡಲು ಜಾಗವಿಲ್ಲ, ನಲವತ್ತಾರು, ಆಲೂಗಡ್ಡೆ ನೆಲದಲ್ಲೇ ಕೊಳೆತು ಮಹಾಕ್ಷಾಮ ಬಿದ್ದ ವರ್ಷ, ನಲವತ್ತೇಳು, ಸಾಲುಗಳು ತೆಳುವಾಗುತ್ತಿವೆ, ನಲವತ್ತೆಂಟು, ಹಿಡಿಕೆ ತಿರುಗಿಸುವ ಕೈ ನಿಧಾನವಾಯಿತು, ನಲವತ್ತೊಂಬತ್ತರ ನವೆಂಬರ್, ಬಿಳಿ ಹಾಳೆ, ಇಡೀ ತಿಂಗಳಿಗೆ ಒಂದೇ ಸಾಲು, ಹಾನರ್, ತಂದೆ ಥೇಡಿ ಡರ್ಕನ್, ಅಜ್ಜಿಯ ತವರಿನ ಹೆಸರೇ, ಸಿಕ್ಕಿಬಿಟ್ಟೆಯಲ್ಲ ಕಳ್ಳಿ, ವರ್ಷ ಬರೆದುಕೊಂಡು ಹೊರಗೆ ಓಡಿದಳು. ಕಾರಿನ ಗಾಜು ಇಳಿಯಿತು, ಅಮ್ಮ ಪೂರ್ತಿ ಕೇಳಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಭಲೆ ಅಜ್ಜಿ, ಸರ್ಕಾರಕ್ಕೇ ಟೋಪಿ ಹಾಕಿದ್ಲಾ, ಫಿಂಟನ್‌ಗೆ ಹೇಳು ನಲವತ್ತೊಂಬತ್ತು ಅಂತ ಕೆತ್ತಲಿ. ಮತ್ತೆ ಕೋಳಿ ಕಥೆ ಏನಮ್ಮ? ಅದಕ್ಕೇನಾಗತ್ತೆ, ಅದರ ಪಾಡಿಗೆ ಅದು ಹಾರ್ಲಿ. ಫಿಂಟನ್‌ಗೆ ಹೇಳಿದ್ದಾಯಿತು, ಅವನೂ ನಕ್ಕ, ಅಮ್ಮ ಫ್ಲಾಸ್ಕಿನಿಂದ ಚಹಾ ಸುರಿದಳು, ಊರಿನ ಎಲ್ಲರ ಬೇರು ಬಲ್ಲವಳಲ್ಲವೇ, ಬಾಯಿ ಸುಮ್ಮನಿರದು, ಆ ತಿಂಗಳು ಅವಳ ಜೊತೆ ಇನ್ಯಾರ್ಯಾರು ಹುಟ್ಟಿದ್ರು ಹೇಳು, ಯಾರ ಮನೆ ಕೂಸುಗಳು, ನಂಗೆ ಗೊತ್ತಿರ್ತಾರೆ. ಅಟ್ರ್ಯಾಕ್ಟಾ ಬಾಯಿ ತೆರೆದಳು, ಬಾರ್ಟ್ಲಿಯ ಮನೆಯವರೋ, ಸೇತುವೆಯ ಆಚೆಯವರೋ, ಯಾರದಾದರೂ ಹೆಸರು ನೆನಪು ಮಾಡಿಕೊಳ್ಳಲು ನೋಡಿದಳು, ಹೇಳೇ ಅನ್ನುತ್ತಿದ್ದಾಳೆ ಅಮ್ಮ, ಬಿಳಿ ಹಾಳೆ, ಮೇಲೆ ನವೆಂಬರ್, ಕೆಳಗೆ ಹಾನರ್, ಅದರ ಕೆಳಗೆ ಬಿಳಿ, ಹಾನರ್, ಬಿಳಿ