ಮೂರನೆಯ ಯೂನಿಟ್ಟಿನ ಹೊಗೆ

ನಮ್ಮ ಯಜಮಾನರು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಎಡಗಡೆಯ ಮೈ ಪೂರ್ತಿ ಬಿದ್ದುಹೋಗಿತ್ತು. ಮಾತು ಮಾತ್ರ ಉಳಿದಿತ್ತು, ಜೊತೆಗೆ ಅದರ ಮೊನೆಯೂ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಾನು ಬಾಗಿಲಲ್ಲಿ ಕಾಣಿಸಿದರೆ ಸಾಕು, "ಬಂದಳಪ್ಪ ಬ್ಯಾರಿಂಗ್ ಗೇರು" ಎನ್ನುತ್ತಿದ್ದರು.

ಅದು ಅವರ ಕೆಲಸದ ಜಾಗದ ಮಾತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಮೂವತ್ತೊಂದು ವರ್ಷ ಮೂರನೆಯ ಯೂನಿಟ್ಟಿನ ಟರ್ಬೈನ್ ನಡೆಸಿದವರು. ಓಡುವ ಟರ್ಬೈನನ್ನು ನಿಲ್ಲಿಸಿದರೆ, ಬಿಸಿ ಆರುವವರೆಗೂ ಅದರ ದಂಡವನ್ನು ಸಣ್ಣ ಮೋಟಾರೊಂದು ಮೆಲ್ಲಗೆ ತಿರುಗಿಸುತ್ತಲೇ ಇರಬೇಕಂತೆ. ಬಿಟ್ಟರೆ ಅಷ್ಟು ದಪ್ಪದ ಉಕ್ಕು ತನ್ನ ಭಾರಕ್ಕೆ ತಾನೇ ಬಾಗುತ್ತದಂತೆ. ಆ ಮೋಟಾರು ನಾನು.

ಸ್ಥಾವರ ನಮ್ಮ ಮನೆಯಿಂದ ಎರಡು ಮೈಲಿ. ಮಲಗಿದ ಜಾಗದಿಂದ ಅವರಿಗೆ ಗೋಡೆ ಬಿಟ್ಟರೆ ಏನೂ ಕಾಣದು. ನಾನು ಮಹಡಿ ಹತ್ತಿ ಮೂರನೆಯ ಚಿಮಣಿಯ ಹೊಗೆ ನೋಡಿ, ಹೊತ್ತನ್ನು ನೋಟ್ ಪುಸ್ತಕದಲ್ಲಿ ಬರೆದು, ಸಂಜೆ ಓದಿ ಹೇಳಬೇಕು. ಮಗಳು ಹೈಸ್ಕೂಲು ಸೇರಿದ ವರ್ಷ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು, ಗೆರೆ ಬಿಟ್ಟು ಕೆಳಗಿಳಿಯುತ್ತದೆ. "ಅಕ್ಷರ ಹೇಗಾದ್ರೂ ಇರ್ಲಿ ಕಣೇ, ಲಾಗ್ ಪುಸ್ತಕದಲ್ಲಿ ಸುಳ್ಳು ಇರಬಾರ್ದು" ಎಂದಿದ್ದರು.

ಮೊದಲು ಮೂರನೆಯ ಯೂನಿಟ್ಟು ಹಗಲೂ ರಾತ್ರಿ ಓಡುತ್ತಿತ್ತು. ಬಯಲಿನ ತುಂಬ ಸೋಲಾರ್ ಫಲಕ, ಗುಡ್ಡದ ಮೇಲೆ ಗಾಳಿಯಂತ್ರ ಬಂದಮೇಲೆ ಅದರ ದಿನಚರಿಯೇ ಬದಲಾಯಿತು. ಬಿಸಿಲೇರಿದಾಗ ಮಲಗಬೇಕು, ಬಿಸಿಲಿಳಿಯುವ ಮೊದಲೇ ಏಳಬೇಕು. ಮನೆಮನೆಯ ದೀಪ ಹತ್ತುವಷ್ಟರಲ್ಲಿ ಸಿದ್ಧವಾಗಿರಬೇಕಲ್ಲ. "ಹನ್ನೊಂದಕ್ಕೆ ಮಲಗಿತು, ಮೂರೂ ನಲವತ್ತಕ್ಕೆ ಎದ್ದಿತು" ಎಂದು ನಾನು ಓದಿದರೆ, ತಾವೇ ಎಬ್ಬಿಸಿ ಬಂದವರಂತೆ ಉಸಿರು ಬಿಡುತ್ತಿದ್ದರು.

ಯಾವುದು ಮಲಗಬೇಕು, ಯಾವುದು ಏಳಬೇಕು ಎಂದು ಫೋನಿನಲ್ಲಿ ಹೇಳುವವಳು ನಮ್ಮ ಮಗಳೇ. ಹುಟ್ಟುವ ಕರೆಂಟನ್ನೂ ಖರ್ಚಾಗುವ ಕರೆಂಟನ್ನೂ ಕ್ಷಣಕ್ಷಣಕ್ಕೆ ಸರಿತೂಗಿಸುವ ಕೋಣೆಯಲ್ಲಿ ಅವಳ ಕೆಲಸ.

"ಏನಮ್ಮಾ ಮೇಡಂ, ನನ್ನ ಎಮ್ಮೇನ ದಿನಾ ಮಲಗಿಸ್ತೀಯ, ದಿನಾ ಎಬ್ಬಿಸ್ತೀಯ. ಅದಕ್ಕೂ ವಯಸ್ಸಾಯ್ತು, ಸ್ವಲ್ಪ ಕನಿಕರ ಇರ್ಲಿ" ಎನ್ನುವರು.

"ಬಿಸಿಲು ನನ್ನ ಮಾತು ಕೇಳಲ್ಲಪ್ಪ, ನಿಮ್ಮ ಎಮ್ಮೆ ಕೇಳತ್ತೆ. ಮಾತು ಕೇಳೋರಿಗೆ ತಾನೇ ಕೆಲಸ ಹೇಳೋದು?"

"ಸರಿಹೋಯ್ತು. ನಿಮ್ಮಮ್ಮ ಇಷ್ಟು ವರ್ಷ ನನಗೆ ಮಾಡಿದ್ದೂ ಅದನ್ನೇ."

ಒಂದು ಭಾನುವಾರ ಮಗಳು ಅಡುಗೆಮನೆಗೆ ಬಂದು ನಲ್ಲಿ ಜೋರಾಗಿ ತಿರುಗಿಸಿದಳು, ಒಳಕೋಣೆಗೆ ಕೇಳಿಸದಿರಲಿ ಎಂದು.

"ನಾಳೆ ಮೂರನ್ನ ನಿಲ್ಲಿಸ್ತಾರಮ್ಮ. ಇನ್ನು ಏಳಲ್ಲ. ಪಕ್ಕದಲ್ಲಿ ಬಿಳೀ ಡಬ್ಬಗಳ ಸಾಲು ಇಟ್ಟಿದಾರಲ್ಲ, ಬ್ಯಾಟರಿ. ಮಧ್ಯಾಹ್ನದ ಬಿಸಿಲನ್ನ ಅದೇ ಸಂಜೆಗೆ ಕೊಡತ್ತೆ." ಲೋಟ ತೊಳೆಯುತ್ತಲೇ ಇದ್ದಳು, ತೊಳೆದದ್ದನ್ನೇ. "ನಿಲ್ಲಿಸಿ ಅಂತ ಫೋನ್ ಮಾಡೋದೂ ನಾನೇ."

"ಅವರಿಗೆ ಹೇಳ್ಬೇಡ. ಇದೊಂದು ಎಳೆ ಹಿಡ್ಕೊಂಡು ಇದಾರೆ" ಎಂದೆ.

"ಪುಸ್ತಕ?"

"ನಾನು ಬರೀತೀನಿ ಬಿಡು."

ಸೋಮವಾರ ಹನ್ನೊಂದಕ್ಕೆ ಹೊಗೆ ತೆಳುವಾಯಿತು, ಆಮೇಲೆ ಇಲ್ಲವಾಯಿತು. ಮೂರೂ ನಲವತ್ತಕ್ಕೆ ಮಹಡಿಯ ಮೇಲೆ ನಿಂತಿದ್ದೆ. ನಾಲ್ಕಾಯಿತು, ನಾಲ್ಕೂವರೆಯಾಯಿತು. ಕೆಳಗಿಳಿದು "ಮೂರೂ ನಲವತ್ತಕ್ಕೆ ಎದ್ದಿತು" ಎಂದು ಬರೆದೆ. ಅಂದು ಅಕ್ಷರ ಗೆರೆಯ ಮೇಲೇ ಕೂತಿತ್ತು. ಅಷ್ಟು ಜೋಪಾನವಾಗಿ ಬರೆದಿದ್ದೆ.

ಹಾಗೆ ಒಂಬತ್ತು ದಿನ. ಒಂದು ದಿನ ಮೂರೂ ಮೂವತ್ತೈದು, ಇನ್ನೊಂದು ದಿನ ಮೂರೂ ಐವತ್ತು. ಒಂದೇ ಹೊತ್ತು ಬರೆದರೆ ಅನುಮಾನ ಬರುತ್ತದೆಂಬ ಜಾಣತನ ಬೇರೆ ನನಗೆ.

ಹತ್ತನೆಯ ದಿನ ಸಂಜೆ ಕೆಲಸ ಮುಗಿಸಿ ಮಗಳೂ ಬಂದಿದ್ದಳು. ನಾನು ಓದಿದೆ: "ಹನ್ನೊಂದಕ್ಕೆ ಮಲಗಿತು, ಮೂರೂ ನಲವತ್ತಕ್ಕೆ ಎದ್ದಿತು."

ಅವರು ಉಸಿರು ಬಿಡಲಿಲ್ಲ.

"ಇನ್ನೊಂದ್ಸಲ ಓದು."

ಓದಿದೆ.

"ಬೆಳಕಿಂಡಿಯಿಂದ ಒಂದು ಪಟ್ಟಿ ಬಿಸಿಲು ದಿನಾ ಈ ಹೊದಿಕೆ ಮೇಲೆ ಬೀಳತ್ತೆ. ಇವತ್ತು ಬೀಳ್ಲೇ ಇಲ್ಲ. ಬೆಳಗ್ಗಿಂದ ಮೋಡ. ಬಿಸಿಲೇ ಇಲ್ಲದ ದಿನ ಮೂರು ಯಾಕೆ ಮಲಗತ್ತೇ?"

ಮಹಡಿಗೆ ಹೋಗುವುದನ್ನೇ ಬಿಟ್ಟಿದ್ದೆ ನಾನು. ಸುಳ್ಳು ಬರೆಯಲು ಆಕಾಶ ಯಾಕೆ ನೋಡಬೇಕು ಎಂದುಕೊಂಡಿದ್ದೆ.

"ಎಷ್ಟು ದಿನ ಆಯ್ತು?" ಕೇಳಿದ್ದು ನನ್ನನ್ನಲ್ಲ, ಮಗಳನ್ನು.

"ಹತ್ತು ದಿನ ಅಪ್ಪ."

"ಇವತ್ತು ಈ ಮೋಡದಲ್ಲಿ ಸಂಜೆ ಹೇಗೆ ತೂಗಿಸ್ದೆ?"

"ಗುಡ್ಡದ ಕಡೆ ಗಾಳಿ ಚೆನ್ನಾಗಿತ್ತು. ಉಳಿದದ್ದು ಬ್ಯಾಟರಿ, ಆಮೇಲೆ ದೂರದಿಂದ ಸ್ವಲ್ಪ ತರಿಸ್ಕೊಂಡ್ವಿ."

"ಎಲ್ಲಾದ್ರೂ ದೀಪ ಆರಿತಾ?"

"ಇಲ್ಲ."

"ಮಿಣುಕಿತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆರಿತು ಎಂದು ಒಂದು ಸುಳ್ಳು ಹೇಳಬಾರದಿತ್ತೇ ಎಂದು ನನಗನ್ನಿಸಿತು. ನನ್ನ ಮಗಳು ನನ್ನಂಥವಳಲ್ಲ.

"ಬ್ಯಾರಿಂಗ್ ಮೇಲೆ ಹಾಕಿದ್ರಾ?"

"ನಾಲ್ಕು ದಿನ ತಿರುಗಿಸಿದ್ರಪ್ಪ. ಪೂರ್ತಿ ಆರಿದ ಮೇಲೇ ಬಿಟ್ಟಿದ್ದು. ಕೂದಲೆಳೆಯಷ್ಟೂ ಬಾಗಿರ್ಲಿಲ್ಲವಂತೆ."

ಮುಖದ ಬಲಗಡೆ ಮಾತ್ರ ನಕ್ಕಿತು. ಎಡಗಡೆಯ ಕಣ್ಣಲ್ಲಿ ನೀರಿಳಿಯಿತು. ಆ ಕಣ್ಣು ಸುಮ್ಮನೆಯೂ ಸೋರುತ್ತಿತ್ತು, ಹಾಗಾಗಿ ಹೇಳುವಂತಿಲ್ಲ.

"ಪೆನ್ನು ತಗೋ" ಎಂದರು ನನಗೆ. "ಹತ್ತು ದಿನದ್ದೂ ಹೊಡೆದುಹಾಕು. ಒಂದೊಂದರ ಪಕ್ಕದಲ್ಲೂ ಬರಿ: ಏಳಲಿಲ್ಲ."

ಹತ್ತು ಸಲ ಬರೆದೆ. ಅವರು ಬೈದಿದ್ದರೆ ಹಗುರವಾಗುತ್ತಿತ್ತು. "ನನ್ನ ಹತ್ರಾನೂ..." ಎಂದರು ಅಷ್ಟೇ, ಮುಗಿಸಲಿಲ್ಲ. ಆಮೇಲೆ ಪುಸ್ತಕ ಕೇಳಲೇ ಇಲ್ಲ. ನಾನು ಬಾಗಿಲಲ್ಲಿ ಕಾಣಿಸಿದರೂ ಸುಮ್ಮನೆ ಮೈ ಒಪ್ಪಿಸುವರು, ಗೋಡೆಯ ಕಡೆ ನೋಡುವರು.

ಯೂನಿಟ್ಟು ನಿಂತ ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಮಗ್ಗುಲು ಬದಲಿಸಲು ಹೋದಾಗ ಉಸಿರಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ಹೊದಿಕೆಯ ಮೇಲೆ ಆ ಬಿಸಿಲಿನ ಪಟ್ಟಿ ಬಿದ್ದಿತ್ತು.

ಬಿಸಿ ಆರುವ ಮುಂಚೆ ಬಿಡಬಾರದೆಂದು ಅವರೇ ಹೇಳಿಕೊಟ್ಟದ್ದು. ಹೆಗಲಿನ ಕೆಳಗೆ ಕೈಹಾಕಿ ಮೆಲ್ಲಗೆ ಬಲಮಗ್ಗುಲಿಗೆ ತಿರುಗಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಎಡಕ್ಕೆ. ಆರಕ್ಕೆ ಮಗಳು ಬಂದಳು. ನನ್ನ ಕೈ ಹಿಡಿದು, "ಸಾಕಮ್ಮ, ತಣ್ಣಗಾಗಿದಾರೆ" ಎಂದಳು.