ಗಾಣದ ಮುಂದೆ ತೂಕಡಿಸಿದ ಸಿದ್ದರಾಮು

ಇದು ಚೆನ್ನಾಗಿ ಓದಿದವರು ಬರೆಯಬೇಕಾದ ವಿಷಯ. ನಾನು ಹಗಲು ಹೊಲ ಗೆಯ್ದು, ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವನು. ತಪ್ಪು ಹೇಳಿ ಯಾರಿಗಾದರೂ ಕೆಡುಕಾದೀತೆಂದು ಹೆದರಿ, ಬರೆದದ್ದನ್ನು ಹರಿದುಹಾಕಿದ್ದೂ ಉಂಟು. ಆದರೂ ಕಣ್ಣಾರೆ ಕಂಡದ್ದನ್ನು ಹೇಳದೆ ಇರಲಾರೆ. ಹೆಚ್ಚುಕಡಿಮೆಯಾದರೆ ಮನ್ನಿಸಿ.

ಹೊಳಲಿನ ಚಿಕ್ಕಬೋರಯ್ಯ ನಮ್ಮ ಪಕ್ಕದ ಮನೆಯವನು. ಅವನಿಗೆ ನಿದ್ದೆ ಬಹಳ ಕಡಿಮೆ. ಕೋಳಿ ಕೂಗುವ ಮೊದಲೇ ಎದ್ದು ಎತ್ತುಗಳಿಗೆ ಹುಲ್ಲು ಹಾಕಿರುತ್ತಾನೆ. ಅವನ ಅಪ್ಪನೂ ಹಾಗೆಯೇ ಇದ್ದನಂತೆ. ಆದರೆ ಮಗ ಸಿದ್ದರಾಮು ಅದಕ್ಕೆ ತೀರ ಬೇರೆ. ಉಂಡ ಕೂಡಲೇ ಮಲಗಿದರೆ, ಬಿಸಿಲು ಬಾಗಿಲಿಗೆ ಬರುವ ತನಕ ಏಳುವವನಲ್ಲ. ಎದ್ದ ಮೇಲೆ ಮಾತ್ರ ಇಬ್ಬರ ಕೆಲಸವನ್ನು ಒಬ್ಬನೇ ಮಾಡುತ್ತಿದ್ದ.

ನಿದ್ದೆ ಬರೀ ಅಭ್ಯಾಸ, ಕಡಿಮೆ ಮಾಡಿದಷ್ಟೂ ಕಡಿಮೆಯಾಗುತ್ತದೆ ಎಂಬುದು ಬೋರಯ್ಯನ ನಂಬಿಕೆ.

ಆ ವರ್ಷ ನಾವೆಲ್ಲ ಸೇರಿ ಆಲೆಮನೆ ಹೂಡಿ ಬೆಲ್ಲ ಮಾಡಿದೆವು. ಇಂದು ಒಬ್ಬರ ಕಬ್ಬಿಗೆ ಎಲ್ಲರೂ ದುಡಿದರೆ, ನಾಳೆ ಇನ್ನೊಬ್ಬರ ಕಬ್ಬಿಗೆ. ಹೊತ್ತು ಮೂಡುವುದರೊಳಗೆ ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಇರಬೇಕು. ಅದಕ್ಕೆ ಕೋಳಿ ಕೂಗುವಾಗಲೇ ಒಬ್ಬರು ಕೂತು ಗಾಣಕ್ಕೆ ಕಬ್ಬು ಕೊಡಬೇಕು. "ನನ್ ಮಗ ಕೂರ್ತಾನೆ" ಎಂದು ಬೋರಯ್ಯ ಎಲ್ಲರೆದುರು ಮಾತು ಕೊಟ್ಟುಬಿಟ್ಟ.

ಸಿದ್ದರಾಮು ದಿನೇ ದಿನೇ ಸೊರಗಿದ. ಒಂದು ಬೆಳಗ್ಗೆ ಕಬ್ಬು ಕೊಡುತ್ತಲೇ ತೂಕಡಿಸಿದ. ಹೊದ್ದಿದ್ದ ಕಂಬಳಿಯ ಅಂಚು ಕಬ್ಬಿಣದ ಉರುಳೆಗಳ ನಡುವೆ ಸಿಕ್ಕಿ, ಕೈಯನ್ನೂ ಎಳೆಯತೊಡಗಿತು. ಎತ್ತು ಹೊಡೆಯುತ್ತಿದ್ದ ಮರಿಸಿದ್ದಯ್ಯ ಮೂಗುದಾರ ಜಗ್ಗಿ ಗಾಣ ನಿಲ್ಲಿಸಿದ. ಬೆರಳುಗಳ ಚರ್ಮ ಸುಲಿದಿತ್ತು. ದೇವರ ದಯೆ, ಕೈ ಉಳಿಯಿತು.

ಅವನನ್ನು ಮನೆಗೆ ಕರೆತಂದ ಮರಿಸಿದ್ದಯ್ಯ ಕೇಳಿದ: "ಏನ್ ಬೋರಣ್ಣ, ಮಗನ್ನೇ ಹಿಂಡಿ ಬೆಲ್ಲ ಮಾಡ್ಬೇಕು ಅಂತಿದ್ದೀಯಾ?"

"ಸೋಮಾರಿ ಕಣ್ಲಾ ಅವ್ನು! ನಾಳೆ ಕಣ್ಗೆ ಈರುಳ್ಳಿ ರಸ ಬುಟ್ಟು ಕೂರುಸ್ತೀನಿ ನೋಡು" ಎಂದ ಬೋರಯ್ಯ.

ಅಷ್ಟರಲ್ಲಿ ಊರಿಗೆ ಬಂದಿದ್ದ ನರ್ಸು ಚಿಕ್ಕಲಕ್ಷ್ಮಮ್ಮ ಸುದ್ದಿ ಕೇಳಿ ಬಂದರು. ಗಾಯ ತೊಳೆದು ಬಟ್ಟೆ ಕಟ್ಟಿದರು. ಚಳಿಜ್ವರ ಬರುತ್ತದೆಯೇ ಎಂದು ಕೇಳಿ ಹೊಟ್ಟೆಯ ಎಡಭಾಗ ಒತ್ತಿ ನೋಡಿದರು. ರಕ್ತ ಕಡಿಮೆಯಿದೆಯೇ ಎಂದು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಗೊರಕೆ ಹೊಡೆಯುವಾಗ ಉಸಿರು ಕಟ್ಟುತ್ತದೆಯೇ ಎಂದು ತಾಯಿ ಬೀರಮ್ಮನನ್ನು ಕೇಳಿದರು. ಯಾವ ಕಾಯಿಲೆಯ ಗುರುತೂ ಇರಲಿಲ್ಲ.

"ಬೀರಮ್ಮ, ನಿಮ್ಮ ತವರಲ್ಲಿ ಯಾರಾದ್ರೂ ಹಿಂಗೆ ಮಲಗೋರು ಇದ್ರಾ?"

ಬೀರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಅಯ್ಯೋ ನರ್ಸಮ್ಮ, ನಮ್ಮೂರು ಪೂರಿಗಾಲೀಲಿ ನಮ್ಮಣ್ಣದೀರ್ನ ಎಬ್ಬುಸ್ಬೇಕಾದ್ರೆ ತಮಟೆನೇ ಬಡೀಬೇಕು! ನಮ್ಮಪ್ಪನೂ ಅಂಗೇಯ. ಅದ್ಕೇನು, ಗದ್ದೆ ಬೀಳು ಬುಟ್ಟವ್ರಾ?"

ಬೋರಯ್ಯನಿಗೆ ರೇಗಿತು. "ಅವನ ಮೈಲಿರೋದು ನನ್ ರಕ್ತ ಅಲ್ವಾ?"

"ನಿಮ್ದೂ ಐತೆ, ಬೀರಮ್ಮಂದೂ ಐತೆ. ಮೂಗು ನಿಮ್ದು, ಗುಂಗುರು ಕೂದ್ಲು ಅಮ್ಮಂದು. ಯಾರಿಗೆ ಎಷ್ಟು ನಿದ್ದೆ ಬೇಕು ಅನ್ನೋದ್ರಲ್ಲೂ ಹುಟ್ಟಿನಿಂದ ಬಂದ ಪಾಲು ಐತೆ ಅಂತ ಕೆಲವು ಡಾಕ್ಟ್ರು ಹೇಳ್ತಾರೆ."

"ಕೂದ್ಲ ಬೋಳಿಸ್ಬೌದು ಕಣಮ್ಮ. ನಿದ್ದೆನೂ ಅಂಗೇ ಬೋಳಿಸ್ತೀನಿ."

"ಬೋಳಿಸಿದ ಮೇಲೆ ಮತ್ತೆ ಬೆಳೆಯೋದು ಗುಂಗುರೇ ಅಲ್ವಾ, ಬೋರಯ್ಯನೋರೇ?"

ಮರಿಸಿದ್ದಯ್ಯ ಗೊಳ್ಳೆಂದ. ನರ್ಸಮ್ಮ ನಗಲಿಲ್ಲ. "ನಿಮ್ಮ ಮಗಳು ಚಿಕ್ಕನಂಜಮ್ಮ ಕೋಳಿಗಿಂತ ಮೊದಲೇ ಏಳ್ತಾಳಂತಲ್ಲ. ಅವಳಿಗೆ ಯಾರು ಕಲಿಸಿದ್ರು?"

"ಯಾರೂ ಇಲ್ಲ. ತೊಟ್ಲಲ್ಲಿದ್ದಾಗ್ಲೇ ನನ್ ಜತೇಲಿ ಏಳೋಳು..." ಎಂದವನು ಅಲ್ಲಿಗೇ ನಿಲ್ಲಿಸಿದ. ಹೆಂಡತಿಯನ್ನು ನೋಡಿದ, ಮಗನನ್ನು ನೋಡಿದ. "ಆದ್ರೂ ನಾನು ಮಾತು ಕೊಟ್ಟಿವ್ನಲ್ಲಮ್ಮ. ಈಗ ಇಲ್ಲ ಅಂದ್ರೆ ಊರೋರು ಆಡ್ಕೋಳಲ್ವಾ?"

ಸಿದ್ದರಾಮು ಮೆಲ್ಲಗೆ ಹೇಳಿದ: "ನೀನು ಕೂರು ಅಂದ್ರೆ ನಾಳೆನೂ ಕೂರ್ತೀನಪ್ಪ. ಆದ್ರೆ ಕಣ್ಣು ನನ್ ಮಾತು ಕೇಳಕ್ಕಿಲ್ಲ."

ಬೋರಯ್ಯ ಟವಲು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಆಲೆಮನೆಗೆ ನಡೆದ. ನಾವೂ ಹಿಂದೆಯೇ ಹೋದೆವು. ಅಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ನಾಳೆಯಿಂದ ಗಾಣಕ್ಕೆ ನಾನು ಕೂರ್ತೀನಿ. ನನ್ಗೆಂಗೂ ನಿದ್ದೆ ಬರಲ್ಲ. ಕೈ ವಾಸಿಯಾದ ಮೇಲೆ ಅವ್ನು ಹೊತ್ತು ಏರಿದಾಗ ಬಂದು ಒಲೆ ಉರಿ ನೋಡ್ಕೋತಾನೆ. ನಗೋರಿದ್ರೆ ಈಗ್ಲೇ ನಕ್ಬುಡಿ."

ಯಾರೂ ನಗಲಿಲ್ಲ. ಮಾರನೆಯ ಬೆಳಗ್ಗೆ ಅವನು ಮಗನನ್ನು ಎಬ್ಬಿಸದೆ, ಸದ್ದಾಗದಂತೆ ಅಗುಳಿ ತೆಗೆದು ಹೊರಟನೆಂದು ಬೀರಮ್ಮ ಆಮೇಲೆ ನಮ್ಮ ಮನೆಯವಳಿಗೆ ಹೇಳಿದಳು.

ತಂದೆತಾಯಂದಿರೇ, ಅತ್ತೆಯರೇ, ಮನೆಯ ಎಲ್ಲರಿಗೂ ಒಂದೇ ಅಳತೆಯ ನಿದ್ದೆ ಸಾಕೆಂದು ತಿಳಿಯಬೇಡಿ. ಸೋಮಾರಿ ಎಂದು ಬಯ್ಯುವ ಮುಂಚೆ ತಾಯಿಯ ಕಡೆ, ತಂದೆಯ ಕಡೆ ಯಾರು ಹೇಗೆ ಮಲಗುತ್ತಿದ್ದರೆಂದು ಕೇಳಿ ನೋಡಿ. ನಿದ್ದೆಗೆಟ್ಟವರನ್ನು ಗಾಣದ ಮುಂದೆ ಕೂರಿಸಬೇಡಿ, ಗಾಡಿ ಹೊಡೆಯಲು ಕಳಿಸಬೇಡಿ. ಹೊಸದಾಗಿ ಅತಿನಿದ್ದೆ ಬಂದರೆ, ಜ್ವರ ಇದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ಅದನ್ನು ವಂಶದ ಗುಣವೆಂದು ಬಿಡದೆ ಆಸ್ಪತ್ರೆಗೆ ತೋರಿಸಿ.

ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗೆ ಅಪ್ಪನ ನಿದ್ದೆ, ಇನ್ನೊಬ್ಬರಿಗೆ ಅಮ್ಮನ ನಿದ್ದೆ ಬರುವುದು ಹೇಗೆ ಎಂದು ನರ್ಸಮ್ಮನನ್ನು ಕೇಳಿದೆ. ಅದು ತಮಗೂ ತಿಳಿಯದೆಂದರು. ನನಗಂತೂ ಗೊತ್ತಿಲ್ಲ.